ಹಲ್ಲು, ಹೆಲ್ಮೆಟ್ಟು, ಒಂದು ತತ್ತಿ

ಈ ವಾರ ಸೋಮವಾರಕ್ಕ ಶುರು ಆಗಲಿಲ್ಲ.
ಮಂಗಳವಾರ ರಾತ್ರಿ, ಏಳನೇ ರೊಟ್ಟಿ ಹಂಚಿನ ಮ್ಯಾಲಿದ್ದಾಗ
ಉರಿ ನೀಲಿಯಿಂದ ಹಳದಿಗೆ ಇಳಿದು
ಒಮ್ಮೆ ಬಿಕ್ಕಿ
ಸುಮ್ಮನಾತಲ್ಲ, ಅವಾಗಿಂದ.

ಹಿಟ್ಟಿನ ಕೈಲೇ ಓಡಿದೆ ಕೊನ್ಸೆಸ್ ಬಾಯಿ ಅಡಿಗಿಮನಿಗೆ.
ಅವರ ಕಾವಲಿ ಮ್ಯಾಲೆ ಬಾಂಗಡೆ ಚುಂಯ್ ಅಂತಿತ್ತು.
ಮಗ್ಗಲ ಒಲಿ ಖಾಲಿ ಮಾಡಿಕೊಟ್ರು ಪಾಪ,
ಕೊಂಕಣಿಯೊಳಗ ಏನೋ ಬೈಕೋತ, ನನ್ನನ್ನಲ್ಲ, ಗ್ಯಾಸಿನವನನ್ನ.
ಕೊರಳಾಗ ಲಿಂಗ ಕಟ್ಟಿದ ಅತ್ತಿಗೆ
ಆ ವಾಸನಿ ರೊಟ್ಟಿ ಹೆಂಗ ಬಡಿಸಲಿ?
ಬಡಿಸಿದೆ.
“ಇವತ್ತ ರೊಟ್ಟಿಗೆ ಏನೋ ರುಚಿ ಬಂದೈತಿ” ಅಂದ್ಲು,
ಇನ್ನೊಂದು ಕೇಳಿದ್ಲು.
ನಾನು ಗ್ವಾಡಿ ನೋಡಿದೆ.

ಮರುದಿನ ಫಕೀರಪ್ಪ ಬರಿದಲೀಲೆ ಮನಿಗೆ ಬಂದ.
ಅಂದ್ರ ತಲಿ ಇತ್ತು; ಹಿಂದಿನ ಸವಾರಿ ಹಾಕ್ಕೊಳ್ಳೊ ಹೆಲ್ಮೆಟ್ಟಿರಲಿಲ್ಲ.
ಬೈನಾದಿಂದ ಡಾಬೋಲಿಗೆ ಯಾರನ್ನೋ ಒಯ್ದಿದ್ದ,
ತಡ ಆಗೈತಿ ಪಿಲೋತ್, ತಡ ಆಗೈತಿ ಅನಕೋತ
ಆ ಮನಿಷ್ಯಾ ರೊಕ್ಕಾ ಕೊಟ್ಟು, ಚೀಲ ಹಿಡಕೊಂಡು
ಹೆಲ್ಮೆಟ್ಟು ಹಾಕ್ಕೊಂಡೇ ಗಾಜಿನ ಬಾಗಿಲಾ ದಾಟಿದ್ನಂತ.
ಇವ ಹೊರಗ ನಿಂತು ಕೂಗಿದ. ಗಾಜಿಗೆ ಎಲ್ಲಿ ಕೇಳಬೇಕು.

ಹದಿನಾಕು ವರ್ಷ ಆತು ಶಿರಹಟ್ಟಿ ಬಿಟ್ಟು ವಾಸ್ಕೋಕ್ಕ ಬಂದು,
ದಿನಾ ನೆತ್ತಿ ಮ್ಯಾಲೇ ವಿಮಾನ.
ನಮ್ಮನ್ಯಾಗ ಮೊದಲ ಹತ್ತಿದ್ದು
ಒಂದು ಹೆಲ್ಮೆಟ್ಟು.

ಅತ್ತಿ ನಗತಿದ್ಲು ಇದಕ್ಕ, ನಗಲಿಲ್ಲ.
ಬಾಯಿ ಮುಚ್ಚಿಕೊಂಡು ಕುಂತಿದ್ಲು, ಸೆರಗು ಅಡ್ಡ ಹಿಡಿದು.
ಸಿಟ್ಟೇನೋ ಅಂತ ನಾನು ಎರಡು ದಿನ ಪೂರಾ
ಮೆತ್ತಗ ಮಾತಾಡಿದೆ, ಚಾಕ್ಕ ಸಕ್ರಿ ಜಾಸ್ತಿ ಹಾಕಿದೆ.
ಸತ್ಯ ಹೇಳಬೇಕಂದ್ರ ಮನಿ ತಣ್ಣಗಿತ್ತು.
ಶುಕ್ರವಾರ ಯಮನೂರನ ಕಂಪಾಸ್ ಡಬ್ಬಿ ತಗದ್ರ
ರಬ್ಬರಿನ ಬಾಜೂಕ, ಕೋನಮಾಪಕದ ಕೆಳಗ
ಮ್ಯಾಲಿನ ಸಾಲು ಹಲ್ಲು!
ಸಾಲಿಯೊಳಗ ತೋರಿಸಿದ್ನಂತ. ಒಂದು ಸಲ ನೋಡಾಕ ಒಂದು ಗೋಲಿ,
ಮುಟ್ಟಾಕ ಎರಡು.
ಹೊಡಿಯಾಕ ಕೈ ಎತ್ತಿದೆ. ಅಷ್ಟ್ರಾಗ ಅತ್ತಿ ಹಲ್ಲು ತೊಳದು ಇಟಗೊಂಡು
“ಎಷ್ಟು ಗೋಲಿ ಬಂದ್ವಲೇ?” ಅಂದ್ಲು.
ಮೂವತ್ತೊಂದು.
ಕೈ ಇಳಿಸಿದೆ.

ನೀರಿನ ಸುದ್ದಿ ಹೇಳಬಾರದಂತ ಮಾಡಿದ್ದೆ, ತಪ್ಪು ನಂದು.
ಮಾಂಗೋರ್ ಗುಡ್ಡದ ನಳ ರಾತ್ರಿ ಮೂರಕ್ಕ ಬರತೈತಿ,
ಬಂದ್ರ ಸಪ್ಪಳಕ್ಕ ಎಚ್ಚರ ಆಗ್ತೀನಂತ ತಿರುವಿಟ್ಟು ಮಲಗಿದ್ದೆ.
ಎಚ್ಚರಾತು. ಸಪ್ಪಳಕ್ಕಲ್ಲ, ಬೆನ್ನಿಗೆ ತಂಪು ಹತ್ತಿ.
ಗಾದಿ, ಗೋಧಿ, ನಿರ್ಮಲಾನ ಭೂಗೋಳ ಎಲ್ಲಾ ಒಂದೇ ಕೆರಿ.
ಫಕೀರಪ್ಪನ ಎಡಗಾಲ ಚಪ್ಪಲಿ ಒಂದೇ
ಹೊಸ್ತಿಲಾ ದಾಟಿ, ಮೆಟ್ಟಲಾ ಇಳಿದು
ಕೊನ್ಸೆಸ್ ಬಾಯಿ ತುಳಸಿಯಂಥ ಕುರ್ಸಿನ ಕಟ್ಟಿ ಮುಂದ ನಿಂತಿತ್ತು,
ನಮಸ್ಕಾರಕ್ಕ ಹೋದವರಂಗ.

ಆ ಮುಂಜಾನೆ ಪೊದೇರನ ಪೋಂ ಪೋಂ ಕೇಳಿ
ಉಂಡೆ ಪಾವ್ ತಗೊಂಡು, ಒಲಿ ಹೊತ್ತಿಸೊ ಗೊಡವಿಲ್ಲದ
ಪಾವಿನ ಮ್ಯಾಲೆ ಗುರೆಳ್ಳ ಚಟ್ನಿ, ಎಣ್ಣಿ,
ಒದ್ದಿ ಕಾಲು ಮಡಚಿಕೊಂಡು ಐದೂ ಮಂದಿ ಕಟ್ಟಿ ಮ್ಯಾಲೆ ತಿಂದ್ವಿ.
ಇಷ್ಟು ಚಂದ ನಾಷ್ಟಾ
ಯಾವ ಹಬ್ಬಕ್ಕೂ ಆಗಿದ್ದು ನೆನಪಿಲ್ಲ.

ಉಳಿದಿದ್ದ ಇನ್ನೊಂದು ಹೆಲ್ಮೆಟ್ಟು ಬಿಸಲಿಗೆ ಮಗಚಿಟ್ಟಿದ್ವಿ.
ಬಾಯಿಯ ಕೋಳಿ ಅದರಾಗ ಕುಂತು ತತ್ತಿ ಇಟ್ಟಿತು.
ಜಾಗ ನಿಮ್ದು ಅಂದ್ರು ಬಾಯಿ. ಕೋಳಿ ನಿಮ್ದು ಅಂದ ಫಕೀರಪ್ಪ.
ಈ ನ್ಯಾಯ ಇನ್ನೂ ಹರಿದಿಲ್ಲ.
ಕೋಳಿ ಏಳವಲ್ದು,
ಪಿಲೋತ್ ತನ್ನ ಹಳದಿ ಗಾಡಿ ಹತ್ತವಲ್ಲ.

ರವಿವಾರ ಸಿಲಿಂಡರು ಬಂತು.
ಗಾದಿ ಒಣಗಿಲ್ಲ, ಅಂಗಳದಾಗ ಚಾಪಿ ಹಾಸಿ ಮಲಗೀವಿ.
ಮ್ಯಾಲೆ ದೀಪಾ ಮಿಣಕಿಸಿಕೋತ ಒಂದು ವಿಮಾನ ಇಳಿಯಾಕ ಹತ್ತೇತಿ.
“ಯವ್ವಾ” ಅಂದ ಯಮನೂರ, “ನಮ್ಮ ಹೆಲ್ಮೆಟ್ಟು ಬಂತು.”
ಮೊದಲ ಅತ್ತಿ ನಕ್ಕಳು. ಆಮ್ಯಾಲೆ ಗ್ವಾಡಿ ಆಚಿಂದ ಬಾಯಿ.
ನಗಿ ನಿಲ್ಲವಲ್ದು. ಕತ್ತಲದಾಗ ಟಕ್ ಅಂತ ಏನೋ ಬಿತ್ತು.

ಯಾರೂ ಏಳಬ್ಯಾಡ್ರಿ,
ಹಲ್ಲು ಎಲ್ಲೈತಿ ನೋಡಿ ಕಾಲಿಡ್ರಿ.