ಮಾಗೀಲ, ಚಾಲೂ

ಮೀಟರ್ ಓದೋ ನೌಕರಿಯೊಳಗ ಕೊಟ್ಟಿದ್ದ ಉದ್ದನ ವಹಿ
ಒಂದು ಖಾಲಿ ಉಳದಿತ್ತು, ತಿರಗಿ ಕೊಡಲಿಲ್ಲ ನಾ.
ಅದು, ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಟ್ಯೂಬು
ಸ್ಕೂಟರಿನ ಡಿಕ್ಕಿಗೆ ತುರುಕಿ
ಜತ್ತ ಬಿಟ್ಟೆ, ಶ್ರಾವಣದ ಒಂದು ನಸುಕಿನ್ಯಾಗ.
ನಾಗಪುರದ ತನಕ, ಅಂದೆ ಮಗಳಿಗೆ.
ಒಬ್ಬಾಕೀನಾ?
ಮೂವತ್ತು ವರ್ಷ ಮಂದಿ ಮನಿ ನಾಯಿ ದಾಟಿ ಒಳಗ ಹೋದಾಕಿ,
ಆಗ ಯಾರಿದ್ರು ನನ್ನ ಜೋಡಿ?

ವಹಿಯೊಳಗ ಮರಾಠಿಯಾಗ ಅಚ್ಚಾದ ಎರಡು ಕಾಲಮ್:
ಮಾಗೀಲ, ಚಾಲೂ.
ಹಿಂದಿನ ರೀಡಿಂಗ್, ಈಗಿನ ರೀಡಿಂಗ್.

ಉಮದಿ ಇನ್ನೂ ದೂರ. ಗಾಡಿ ನಿಲ್ಲಿಸಿ ಮೊಣಕಾಲೂರಿದೆ.
ವಿಷ್ಣುಕ್ರಾಂತಿ.
ಅಂಗಿ ಗುಂಡಿಗಿಂತ ಸಣ್ಣದು, ನೆಲಕ್ಕ ಅಂಟಿಕೊಂಡು
ಬಿಸಲು ತಾಗಿದ ಕೂಡಲೆ ಕಣ್ಣು ಬಿಟ್ಟ ನೀಲಿ.
ಎಣಿಸಿದೆ. ಇಪ್ಪತ್ತಮೂರಕ್ಕ ನಡಾ ನೊಂದು ಬಿಟ್ಟೆ.
ಚಾಲೂ ಕಾಲಮ್ ತುಂಬಿತು. ಮಾಗೀಲ ಖಾಲಿ.
ಇದ ರಸ್ತೆ ಮ್ಯಾಲ ಸಾವಿರ ಸಲ ಓಡ್ಯಾಡೀನಿ,
ಗೋಡಿ ಮ್ಯಾಲಿನ ಡಬ್ಬಿ ಹುಡುಕೋ ಕಣ್ಣು
ಎಂದೂ ಕೆಳಗ ಇಳಿದಿರಲಿಲ್ಲ.

ನೆಗ್ಗಿಲಮುಳ್ಳು ಗೊತ್ತಿತ್ತು, ಚಪ್ಪಲಿ ತಳದಾಗ ಮುರದದ್ದು.
ಅದಕ್ಕೂ ಹೂವದ, ತಿಳಿ ಹಳದಿ, ಐದು ಎಸಳು,
ಬೈದರ ಅತ್ತಬಿಡೋ ಹಂಗ ಮೆತ್ತಗ!
ತಂಗಡಿ ಗಿಡ ಮಾತ್ರ ಬೇಲಿ ತುಂಬ ನಿಂತು
ಲಗ್ನದ ಮನಿಯವರಂಗ ಕರೀತಿತ್ತು. ಬರಿಲಿಲ್ಲ ಅದನ್ನ.

ಮಂಗಳವೇಡಿ ಎರಿ ಹೊಲ
ಬಿಳಿಜೋಳದ ಬಿತ್ತಿಗೆಗೆ ಬಾಯಿ ತೆರದು ಕೂತಾವ.
ಅಂಚಿನ ಹುಲ್ಲಿನ್ಯಾಗ ಐದು ಚಿಗರಿ, ಒಂದು ಕರಿ ಗಂಡು.
ನಾ ಹಾರ್ನ್ ಹೊಡಿಲಿಲ್ಲ. ಆದರೂ ಜಿಗದವು,
ಇಲ್ಲದ ಬೇಲಿಯೊಂದನ್ನ ದಾಟಿದಂಗ.

ನಾಗಪುರಕ್ಕ ಅಕ್ಕಲಕೋಟಿ ಸುತ್ತು. ಗೊತ್ತದ.
ಬೀರಗೊಂಡ, ನನ್ನ ಗಂಡ, ಅಲ್ಲಿ ಲೈನಮನ್ ಇದ್ದಾಗ
ಹೊಸ ತಂತಿ ಎಳದ ವರ್ಷ, ಒಂದು ಸಂಜಿ ಬಂದು
ಕೈ ತೊಳಿತಾನ, ತೊಳಿತಾನ, ಹಂಡೆ ನೀರು ತೀರಿತು.
ಎರಿಭೂತ, ಅಂದ. ಸೊಂಟದೆತ್ತರದ ಹಕ್ಕಿ.
ತಂತಿ ಕಂಡಿಲ್ಲ ಅದಕ್ಕ. ಹೂತು ಬಂದೀನಿ.
ಯಾರ ಮುಂದೂ ಆಡಬ್ಯಾಡ.
ಆಡಲಿಲ್ಲ. ಅವನೂ ಹೋಗಿ ಹನ್ನೊಂದು ವರ್ಷ.

ಕಂಬ ಅಲ್ಲೇ ಅದಾವ. ಕೆಳಗ ನಿಂತರ ಗುಂಯ್ ಅಂತಾವ.
ಕುರಿ ಕಾಯೋ ಹುಡುಗ ಅಮಗೊಂಡ ಬೀಡಿ ಮರಿಮಾಡಿ ಕೇಳಿದ:
ಏನ್ ಹುಡಕ್ತೀರಿ ಆಯಿ?
ಎರಿಭೂತ, ಅಂದೆ.
ನಕ್ಕ. ಹಗಲಾಗ ಎಲ್ಲಿ ಭೂತರೀ?
ತ್ವಾಳ ಬೇಕಂದ್ರ ಹೇಳ್ರಿ, ನಿನ್ನಿ ಒಂದು ಮರಿ ಒಯ್ದೈತಿ.
ಹೆಸರು ಸುದ್ದಾ ಮುಟ್ಟಿಲ್ಲ ಅವನ ಕಿವಿಗೆ.
ಹುಲ್ಲು ಮಾತ್ರ ಗಾಳಿಗೆ ಬಾಗಿ ಎದ್ದು,
ಬಾಗಿ ಎದ್ದು,
ನಡುವ ಏನೋ ಕುತ್ತಿಗಿ ಎತ್ತಿದಂಗ. ಏನಿಲ್ಲ. ಒಣ ಟೊಂಗಿ.

ವಹಿ ತಗದೆ.
ಮಾಗೀಲ: ಒಂದು.
ಚಾಲೂ ಕಾಲಮಿಗೆ ಪೆನ್ನು ಬಂದು ನಿಂತಿತು.
ಕೀಲಿ ಬಿದ್ದ ಮನಿಗೆ ನಾವು ಸೊನ್ನಿ ಬರಿಯೂದಿಲ್ಲ,
ಅದು ಕಾಯದೆ. ‘ಮನಿ ಬಂದ’ ಅಂತ ಬರಿಬೇಕು,
ಮುಂದಿನ ತಿಂಗಳು ಮತ್ತ ಹೋಗಬೇಕು.
ಹಂಗ ಬರದೆ, ದಿನಾಂಕ ಹಾಕಿ, ಸಹಿ ಹಾಕಿ.

ಹುಡುಗಗ ಅರ್ಧ ರೊಟ್ಟಿ ಕೊಟ್ಟೆ.
ಟೈರಿನ್ಯಾಗ ಎರಡು ನೆಗ್ಗಿಲಮುಳ್ಳು, ಕಿತ್ತೆ.
ಸ್ಕೂಟರ್ ಮೂರನೇ ಕಿಕ್ಕಿಗೆ ಚಾಲೂ ಆತು.