ದಮ್ಮು

ಕಲ್ವಾ ಆಸ್ಪತ್ರೆಯ ರಕ್ತನಿಧಿಯಲ್ಲಿ ನನ್ನದು ರಾತ್ರಿಪಾಳಿ,
ಡೊಂಬಿವಲಿಯ ಮನೆಯಲ್ಲಿ, ಟೀವಿಯ ಕೆಳಗೆ, ಅದರದೂ ಅದೇ ಪಾಳಿ.
ಯಾವುದೋ ವಿಮಾ ಕಚೇರಿ ಹೊರಹಾಕಿದ ಡಬ್ಬಿ,
ಎರಡು ಜಿಬಿ ರ‍್ಯಾಮು,
ಹಲ್ಲುನೋವಿನವರ ಹಾಗೆ ನರಳುವ ಫ್ಯಾನು.
ನಾನಿಲ್ಲಿ ರಕ್ತದ ಚೀಲಗಳಿಗೆ ಚೀಟಿ ಅಂಟಿಸುವ ಹೊತ್ತಿಗೆ
ಅದಲ್ಲಿ ಒಂದೂವರೆಯ ಕಬಡ್ಡಿ ಮರುಪ್ರಸಾರವನ್ನು
ಹಿಡಿದಿಡಬೇಕು. ಅಷ್ಟೇ ಕೆಲಸ.

ಅಷ್ಟೂ ಆಗುತ್ತಿರಲಿಲ್ಲ.
ತಂಗಿಯ ಮಗಳು ನಿಕ್ಷಿತಾ, ಏಳನೇ ನಂಬರಿನ ಅಂಗಿ,
ಗೆರೆ ದಾಟುತ್ತಾಳೆ, ಬಗ್ಗುತ್ತಾಳೆ,
ಬಲಗೈ ಮುಂದಕ್ಕೆ—
ಅಲ್ಲಿಗೆ ಪರದೆ ಗಪ್ಪು. ಚೌಕಗಳು. ಹಸಿರು ಮಸಿ.
ಮತ್ತೆ ಕಣ್ಣುಬಿಟ್ಟಾಗ
ಅವಳು ಈಚೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ,
ಆಚೆ ಮೂವರು ನೆಲದಿಂದ ಏಳುತ್ತಿದ್ದಾರೆ.
ಅವಳ ಉಸಿರು ಮುರಿಯಲಿಲ್ಲ, ಡಬ್ಬಿಯದು ಮುರಿಯಿತು.

ಶನಿವಾರ ಅದನ್ನು ಹಳೇ ಸೀರೆಯಲ್ಲಿ ಸುತ್ತಿ
ದಾದರಿನಲ್ಲಿ ಗಾಡಿ ಬದಲಿಸಿ
ತೊಡೆಯ ಮೇಲೆ ಕೂರಿಸಿಕೊಂಡೆ.
ಪಕ್ಕದಾಕೆ ಮೆಂತ್ಯದ ಸೊಪ್ಪು ಬಿಡಿಸುತ್ತ
"ಎಷ್ಟು ತಿಂಗಳಿನದು?" ಎಂದು ನಕ್ಕಳು.

ಲ್ಯಾಮಿಂಗ್ಟನ್ ರಸ್ತೆ, ಮೂರನೇ ಮಹಡಿ, ಪಠಾರೆಯ ಗೂಡು.
ಮುಚ್ಚಳ ತೆಗೆದ. ಧೂಳಿನ ಕಂಬಳಿಯೊಳಗೆ
ಒಂದು ಹಲ್ಲಿಮೊಟ್ಟೆ, ಚಿಪ್ಪು ಮಾತ್ರ.
"ಇದರಲ್ಲಿ ದಮ್ಮೇ ಇಲ್ಲ, ಮಾವಶಿ."
ದಮ್ಮಿನ ಬೆಲೆ ನಾಲ್ಕು ಸಾವಿರದ ಒಂಬೈನೂರು:
ಎಂಟರ ರ‍್ಯಾಮು, ಸದ್ದಿಲ್ಲದ ಡಿಸ್ಕು,
ಯಾವನೋ ಹುಡುಗ ಆಡಿ ಬಿಟ್ಟ ಗ್ರಾಫಿಕ್ಸ್ ಕಾರ್ಡು.
ಪ್ರೊಸೆಸರಿನ ನೆತ್ತಿಗೆ ಬೂದುಬಣ್ಣದ ಲೇಪವನ್ನು
ಕೂಸಿಗೆ ಎಣ್ಣೆ ಇಟ್ಟ ಹಾಗೆ ಇಟ್ಟ.
ನೂರು ರೂಪಾಯಿ ಇಳಿಸಿಯೇ ಕೊಟ್ಟೆ,
ಅಷ್ಟಕ್ಕೆಲ್ಲ ಕರಗುವವಳಲ್ಲ ನಾನು.

ಈಗ ಎರಡು ಚಾನೆಲ್ ಒಟ್ಟಿಗೆ ಹಿಡಿಯುತ್ತದೆ,
ಮೂರನೆಯದನ್ನು ನೋಡಲೂ ಬಿಡುತ್ತದೆ, ಬೆವರುವುದಿಲ್ಲ.
ಮೊದಲು ಹಾಕಿದ್ದು ಅದೇ ಹಳೆಯ ರೇಡು.
ಗೆರೆ. ಬಗ್ಗಿದಳು. ಬಲಗೈ—
ಚೌಕಗಳು. ಹಸಿರು ಮಸಿ.
ಹೊಸ ದಮ್ಮಿನ ಯಂತ್ರ ಆ ತೂತನ್ನು
ಒಂದು ಚೂರೂ ತೊದಲದೆ ತೋರಿಸಿತು.

ಫೋನು ಮಾಡಿದೆ: ಅಲ್ಲಿ ಏನೇ ಮಾಡಿದೆ, ಮಾರಾಯ್ತಿ?
"ಯಾರಿಗೆ ಗೊತ್ತು ದೊಡ್ಡಮ್ಮ,
ಕಬಡ್ಡಿ ಕಬಡ್ಡಿ ಅಂತಿದ್ದೆ, ಅಷ್ಟೇ ನೆನಪು."

ಎಂಟೂವರೆ. ನೀರಿನ ಬಾಟಲಿ, ಪಾಸು, ಚಪ್ಪಲಿ.
ಟೀವಿಯ ಕೆಳಗೆ ಕೆಂಪು ಚುಕ್ಕಿ ಹೊತ್ತಿದೆ.
ಲಿಫ್ಟು ಕೆಟ್ಟು ಎರಡು ವಾರ.
ಐದು ಮಹಡಿ ಇಳಿಯಲು ದಮ್ಮು ಬೇಡ.
ಬೆಳಿಗ್ಗೆ ಹತ್ತುವಾಗ ನೋಡೋಣ.