ಶೇಕಡಾ ಹನ್ನೊಂದು ಬೂದಿ

ಸೊಹಾರ್ ಬಂದರಿನ ಹಿಂದೆ, ರಾತ್ರಿ ಪಾಳಿ.
ಕಿಟಕಿಯಾಚೆ ರಿಫೈನರಿಯ ಜ್ವಾಲೆ
ಯಾರೂ ಆರಿಸಲು ಮರೆತ ದೀಪ.
ಎಣ್ಣೆಯ ಮೇಲೆ ಕೂತ ಸೀಮೆಯಲ್ಲಿ
ಕಲ್ಲಿದ್ದಲು ಕರಗಿಸಿ ಎಣ್ಣೆ ಮಾಡುವುದಕ್ಕೆ ನನಗೆ ಪಗಾರ.
ಶರ್ಫುದ್ದೀನ್ ನಗುತ್ತಾನೆ: "ಸಮುದ್ರದ ದಂಡೆಯಲ್ಲಿ ಕೂತು
ಬೆವರಿನಿಂದ ಉಪ್ಪು ತೆಗೀತೀಯಲ್ಲ!"

ಇವತ್ತು ಎರಡು ಪಾತ್ರೆ, ಒಂದೇ ಗಣಿಯ ಇದ್ದಲು.
ಒಂದನ್ನು ಆಸಿಡ್ಡಿನಲ್ಲಿ ಮೂರು ಸಲ ತೊಳೆದೆ,
ಕೊನೆಯ ಸಲ ನೈಟ್ರಿಕ್. ಪೈರೈಟ್ ಅದಕ್ಕಷ್ಟೇ ಬಗ್ಗುತ್ತದೆ.
ಜೇಡಿ, ಸುಣ್ಣ, ಕಬ್ಬಿಣ, ಎಲ್ಲ ಹೋಯಿತು.
ಇನ್ನೊಂದು ನೆಲದಿಂದ ಎದ್ದು ಬಂದ ಹಾಗೇ,
ಶೇಕಡಾ ಹನ್ನೊಂದು ಬೂದಿ ಹೊಟ್ಟೆಯಲ್ಲಿಟ್ಟುಕೊಂಡು.

ನಾನ್ನೂರ ಮೂವತ್ತು ಡಿಗ್ರಿ.
ಒಳಗೆ ಹಳೆಯ ಕೊಂಡಿಗಳು ಹರಿಯುತ್ತವೆ.
ಹರಿದ ತುದಿಗೆ ಹೈಡ್ರೋಜನ್ ಸಿಕ್ಕರೆ ಎಣ್ಣೆ;
ಸಿಗದಿದ್ದರೆ ತುದಿಗೆ ತುದಿ ಅಂಟಿ ಮತ್ತೆ ಕರಿ, ಮತ್ತೆ ಹಟ.
ಹೊತ್ತಿಗೆ ಸರಿಯಾಗಿ ತಂದು ಕೈಗಿಡಲು
ಯಾರಾದರೂ ಬೇಕು.

ಬೆಳಗಿನ ಜಾವ ಸೋಸಿ ತೂಗಿದೆ.
ತೊಳೆದದ್ದು ಕಡಿಮೆ ಕೊಟ್ಟಿತ್ತು.
ಇನ್ನೊಮ್ಮೆ ತೂಗಿದೆ.

ಶಕ್ತಿನಗರದ ನಮ್ಮ ಕ್ವಾರ್ಟರ್ಸಿನಲ್ಲಿ
ಒಣಹಾಕಿದ ಸಂಡಿಗೆಯ ಮೇಲೂ ಹಾರುಬೂದಿ.
ಕೊಡವಿ ಕೊಡವಿ ಬೈಯುತ್ತಿದ್ದಳು ಅವ್ವ,
ಸಂಜೆ ಅದನ್ನೇ ಬಳಿದು ತಂಬಿಗೆ ಬೆಳಗುತ್ತಿದ್ದಳು.

ಪಾಠದಲ್ಲಿ ಓದಿದ್ದೆ: ಕ್ರಿಯಾವರ್ಧಕ ತಾನು ಬದಲಾಗದು.
ಪೈರೈಟಿಗೆ ಆ ಪಾಠ ಗೊತ್ತಿಲ್ಲ.
ಬಿಸಿ ತಾಗಿದ ಕೂಡಲೇ ಅರ್ಧ ಗಂಧಕ ಬಿಟ್ಟುಕೊಡುತ್ತದೆ,
ಕೊಳೆತ ಮೊಟ್ಟೆಯ ವಾಸನೆಗೆ ಅಲಾರಂ ಕೂಗುತ್ತದೆ.
ಚಿನ್ನವೆಂದು ಮೋಸಮಾಡುತ್ತಿದ್ದ ಹೊಳಪು ಹೋಗಿ
ಕಂಚಿನ ಬಣ್ಣದ ಬೇರೆಯೇ ಖನಿಜ.
ಕೆಲಸಕ್ಕೆ ಬರುವುದು ಆಮೇಲೆ.

ಹಾಗಂತ ಎಲ್ಲ ಖನಿಜವೂ ಸಾಧುವಲ್ಲ.
ಸುಣ್ಣ ಗೋಡೆಗೆ ಹಕ್ಕಳೆಗಟ್ಟುತ್ತದೆ;
ಶರ್ಫುದ್ದೀನ್ ಹಿತ್ತಾಳೆಯ ಚಮಚದಲ್ಲಿ ಕೆರೆಯುತ್ತ
ಸಿಲೆಟ್ಟಿನ ಭಾಷೆಯಲ್ಲಿ ಅದರ ತಾಯಿಯನ್ನು ನೆನೆಯುತ್ತಾನೆ.

ವರದಿಯಲ್ಲಿ ನಾಲ್ಕು ಕಾಲಂ: ಎಣ್ಣೆ, ಅನಿಲ, ನೀರು, ಶೇಷ.
ನೆರವಾದವರಿಗೆ ಕಾಲಂ ಇಲ್ಲ.
ರಾಯಾ ಮೇಡಂ ಬಂದು ಕೇಳಿದರು, "ತೂಕ ತಪ್ಪಿಲ್ಲ ತಾನೆ?"
ಇಲ್ಲ ಎಂದೆ.
ಶೇಷದ ಕೆಳಗೆ ಪೆನ್ಸಿಲಿನಲ್ಲಿ ಬರೆದೆ:
ಎಸೆಯಬೇಡಿ. ಮತ್ತೆ ಒಳಗೆ ಹಾಕಿ ನೋಡೋಣ.

ಕ್ಯಾಂಪಿನ ಬಸ್ಸಿನಲ್ಲಿ ಶರ್ಫುದ್ದೀನ್ ಬಾಯಿ ತೆರೆದು ಮಲಗಿದ್ದ.
ತೋಳಿನ ರೋಮಕ್ಕೆ ಅಂಟಿತ್ತು
ಬಿಳಿಯ ಒಂದು ಹಕ್ಕಳೆ.